ಚುಕ್ಕೆ ಗುರುತಿನ ಪ್ರಶ್ನೆ

ಅಂಕಯ್ಯನ ಸಲೂನಲ್ಲಿ ಟೀವಿ ಇರೋದು ಬೆನ್ನಿಂದೆ.
ಕುರ್ಚಿ ಮ್ಯಾಲೆ ಕೂತೋನಿಗೆ ಸದನ ಕಾಣೋದು ಕನ್ನಡೀಲಿ:
ಎಡಗಡೆಯೋರು ಬಲಕ್ಕೆ, ಬಲಗಡೆಯೋರು ಎಡಕ್ಕೆ,
ಅಡೀಲಿ ಓಡೋ ಅಕ್ಷರ ಎಲ್ಲ ತಿರುಗುಮುರುಗು.
"ಓದಕ್ಕಾಗ್ದಿದ್ರೇನು, ಕೇಳ್ತದಲ್ಲ" ಅಂತಾನೆ ಅಂಕಯ್ಯ,
ಬ್ರಷ್ಷಲ್ಲಿ ನೊರೆ ಎಬ್ಬಿಸ್ತಾ.

ಬುಧವಾರ. ಮದ್ದೂರು ಪೇಟೆ ಬೀದಿ. ಬಾಗಿಲಾಚೆ ಎಳನೀರ ಗಾಡಿ.
"ಕೂತ್ಕೊಳ್ಳಿ, ಕೂತ್ಕೊಳ್ಳಿ, ಮಾನ್ಯ ಸದಸ್ಯರೇ, ದಯವಿಟ್ಟು" ಅಂತ
ಅಧ್ಯಕ್ಷರು ಗಂಟೆ ಒತ್ತಿದಾಗಲೆಲ್ಲ
ಬೆಂಚಿನ ಮ್ಯಾಲಿದ್ದ ಹೊಂಬಾಳೇಗೌಡ್ರು
ಕೂತಿದ್ದೋರೇ ಇನ್ನೊಂಚೂರು ಕೂತ್ಕೊತಿದ್ರು.

ನನ್ನ ಎಡಗೆನ್ನೆ ಬೋಳು, ಬಲಗೆನ್ನೆ ತುಂಬ ನೊರೆ.
ಆಗ ಕೂಗಿದರು ನಂಬರು.
ಪ್ರಶ್ನೆ ಸಂಖ್ಯೆ ಇನ್ನೂರ ಹದಿನಾಲ್ಕು.
ನಾಲೆಯ ಕೊನೇ ಭಾಗದ ತೂಬುಗಳ ದುರಸ್ತಿ ಕುರಿತು.
ಒಂಬತ್ತು, ಹನ್ನೊಂದು, ಹದಿನೇಳು.

ಹದಿನೇಳು ನಂದು.
ಹತ್ತೊಂಬತ್ತು ವರ್ಷದಿಂದ ದಿನಗೂಲಿ ನೀರುಗಂಟಿ.
ಅದರ ಚಕ್ರ ತಿರುವಿ ತಿರುವಿ ಅಂಗೈಲಿ ಗೆರೆ ಇಲ್ಲ,
ಕೈ ನೋಡಿ ಶಾಸ್ತ್ರ ಹೇಳೋನು ಒಂದ್ಸಲ
ಕಾಸು ವಾಪಸ್ ಕೊಟ್ಟವ್ನೆ.

ಮಂತ್ರಿಗಳು ಎದ್ದರು. ಕನ್ನಡಕ ತಡಕಾಡಿದರು.
"ಮಾನ್ಯ ಅಧ್ಯಕ್ಷರೇ, ಸದರಿ ತೂಬುಗಳ ಬಾಗಿಲುಗಳನ್ನು
ಮಾರ್ಚ್ ಅಂತ್ಯದ ಒಳಗಾಗಿಯೇ ಬದಲಾಯಿಸಲಾಗಿರುತ್ತದೆ.
ಛಾಯಾಚಿತ್ರವನ್ನು ಅನುಬಂಧದಲ್ಲಿ ಲಗತ್ತಿಸಲಾಗಿದೆ."
ಎತ್ತಿ ಹಿಡಿದರು.

ಅಂಕಯ್ಯನ ಕತ್ತಿ ಗಾಳೀಲಿ ನಿಂತ್ಕತು.
ಕನ್ನಡಿ ಒಳಗೆ ಅರ್ಧ ಮೊಕದ ನಾನು,
ನನ್ನ ಹೆಗಲ ಹಿಂದೆ, ಸದನದ ನಡುಮಧ್ಯೆ,
ಹೊಸಾ ಬಾಗಿಲ ಚಕ್ರ ಹಿಡ್ಕಂಡು ನಗ್ತಾ ನಿಂತ ನಾನು.
ಹಲ್ಲು ಕೂಡ ನಂದೇ.

ಅದು ನಾಲ್ಕನೇ ತೂಬು. ಮ್ಯಾಲಿನ ಊರಿಂದು.
ಜೆಇ ಸಾಹೇಬ್ರು ನಾಲ್ಕು ಅಳಿಸಿ ಹದಿನೇಳು ಬರೆಸಿದ್ರು,
ಬಣ್ಣ ಒಣಗೋವರೆಗೂ ಬೇವಿನ ನೆಳ್ಳಲ್ಲಿ ನಿಂತಿದ್ವಿ.
"ಸ್ವಲ್ಪ ನಗಪ್ಪ" ಅಂದ್ರು. ನಕ್ಕೆ.
ಸೈನು ಅಂದ್ರು. ಹಾಕ್ದೆ.
ಇನ್ನೂರು ರೂಪಾಯಿ ಕೊಟ್ರು, ಬಿರಿಯಾನಿ ತಿಂದೆ,
ಚೆನ್ನಾಗಿತ್ತು.

ನನ್ನ ಹದಿನೇಳಕ್ಕೆ ಅಡೀಲಿ ಮೊಳದುದ್ದ ಸಂದು, ತುಕ್ಕು ತಿಂದದ್ದು.
ಅದರಲ್ಲಿ ತುರುಕಿರೋದು ಎರಡು ಗೊಬ್ಬರದ ಚೀಲ,
ಹಳೇ ಕಂಬಳಿ, ಆಮ್ಯಾಕೆ, ನಾಚ್ಕೆ ಬಿಟ್ಟು ಹೇಳ್ತೀನಿ,
ಚಿಕ್ಕತಾಯಿಯ ಹಸುರು ಸೀರೆ.
ಅವಳು ಕೇಳ್ದಾಗ, ಪರಿಶೀಲಿಸ್ತೀನಿ ಅನ್ನೋ ದನೀಲಿ
"ಅಗಸರ ಮನೇಲದೆ" ಅಂದಿದ್ದೆ.

ಗದ್ದಲ. ಕಾಗದ ಹಾರಿದವು. ಬಾವಿಗಿಳಿದರು ಕೆಲವರು.
ಸದನ ಮೂರು ಗಂಟೆಗೆ ಮುಂದೂಡಿದರು.
ಯಾರೋ ಅಂದ ಒಂದು ಮಾತು ಕಡತದಿಂದ ತೆಗೆಸಿದರು,
ಫೋಟೋ ತೆಗೆಸಲಿಲ್ಲ.

ಅಂಕಯ್ಯ ಒಂದೂ ಮಾತಾಡದೆ ಬಲಗೆನ್ನೆ ಮುಗಿಸ್ದ.
ಒಣಗಿದ ನೊರೆ, ಉರೀತು.
ಕಾಸು ಕೊಡಕ್ಕೋದ್ರೆ "ಬ್ಯಾಡ ಬುಡು, ಟೀವೀಲಿ ಬಂದೋನು" ಅಂದ.
ಹೊಂಬಾಳೇಗೌಡ್ರು ನಗಲಿಲ್ಲ.
ಅವರ ಎರಡೆಕರೆ ಇರೋದು ಹದಿನೇಳರ ಕೆಳಗೇ.

ಮೂರಕ್ಕೆ ನಾನು ತೂಬಿನ ಮ್ಯಾಲಿದ್ದೆ, ನಮ್ಮ ಕಟ್ಟಿನ ನೀರು ಬಂದಿತ್ತು.
ಸದನ ಸೇರಿತೋ ಇಲ್ಲವೋ ಗೊತ್ತಾಗಲಿಲ್ಲ.

ರಾತ್ರಿ ಮುದ್ದೆ ಮುರೀತಾ ಚಿಕ್ಕತಾಯಿ ಕೇಳಿದಳು:
"ಟೀವೀಲಿ ಬಂದಿದ್ಯಂತೆ?"
ಹೂಂ ಅಂದೆ.
ಆಮ್ಯಾಕೆ ಉಪಪ್ರಶ್ನೆ: "ನನ್ ಸೀರೆ ಎಲ್ಲಿ?"

ಅನುಬಂಧ ಇರಲಿಲ್ಲ ನನ್ನತ್ರ.
"ಬಾ, ತೋರಿಸ್ತೀನಿ" ಅಂದೆ.
ಏರಿ ಮ್ಯಾಲೆ ಅವಳು ಮುಂದೆ, ನಾನು ಹಿಂದೆ.
ಟಾರ್ಚು ಅವಳ ಕೈಲಿತ್ತು.