ಹದಿನೇಳನೇ ಕೊಳವೆ

ಬೆಳಿಗ್ಗೆ ಏಳಕ್ಕೆ ನನ್ನ ಮೊದಲ ಕೆಲಸ
ಬಿರುಕಿನ ಆಚೆಗೊಂದು ಈಚೆಗೊಂದು ಹೊಡೆದ
ಎರಡು ಮೊಳೆಗಳ ನಡುವೆ ಟೇಪು ಹಿಡಿಯುವುದು.
ನಿನ್ನೆ ನಾನೂರಾ ಹನ್ನೊಂದು ಮಿಲಿಮೀಟರು.
ಇವತ್ತು ನಾನೂರಾ ಹದಿಮೂರು.
ಬರೆದೆ. ಎರಡಕ್ಕೆ ಯಾರೂ ಓಡುವುದಿಲ್ಲ.
ಎರಡೆಂದರೆ ಒಂದು ಅಕ್ಕಿಕಾಳಿನ ಅಡ್ಡಗಲ.

ಮೂಡಿಗೆರೆಯ ಈ ದಿಬ್ಬದ ಸೊಂಟಕ್ಕೆ
ಹದಿನಾಲ್ಕು ಮೀಟರು ನೆಟ್ಟಗೆ ಇಳಿಸಿ
ಹಾಸ್ಟೆಲ್ಲಿಗೆ ಜಾಗ ಮಾಡಿದವರು
ಕೊಬ್ಬರಿ ಮಿಠಾಯಿ ಕೊಯ್ದಷ್ಟು ಸಲೀಸಾಗಿ ಕೊಯ್ದರು.
ಆಮೇಲೆ ನಮ್ಮನ್ನು ಕರೆಸಿದರು, ಹೊಲಿಗೆ ಹಾಕಲು.

ಪಳನಿವೇಲು ಡ್ರಿಲ್ಲಿಗೆ ಎದೆಯೊತ್ತಿ ನಿಲ್ಲುತ್ತಾನೆ.
ಮೊದಲು ಕೆಂಪು ಹುಡಿ;
ಮೂರು ಮೀಟರಿಗೆ ಅರಿಶಿನ;
ಆರಕ್ಕೆ ಬಿಳಿ ಜೇಡಿ, ಸೋಪಿನಂತೆ ಬೆರಳಲ್ಲಿ ಜಾರುವುದು.
"ಗುಡ್ಡ ಜಾರೋದು ಇದರ ಮೇಲೇ ಸಾರ್,
ಬಂಡೆ ಸಿಗೋವರೆಗೂ ಬಿಡಬಾರ್ದು."
ಒಂಬತ್ತಕ್ಕೆ ಸದ್ದು ಬದಲಾಯಿತು,
ಒನಕೆ ಒರಳಿನ ತಳ ಮುಟ್ಟಿದ ಹಾಗೆ.
ಸರಳು ತೂರಿಸಿ ಸಿಮೆಂಟಿನ ಹಾಲು ಕುಡಿಸಿದೆವು.
ಇನ್ನೂರ ಅರವತ್ತನೆಯದು. ಇನ್ನೂ ತೊಂಬತ್ತಿವೆ.

ನಫೀಸಾ ಮೇಡಂ ಗೋಡೆಗಿಂತ ಹೆಚ್ಚು ನಂಬುವುದು ತೂತುಗಳನ್ನು.
"ಮಣ್ಣನ್ನಾದರೂ ತಡೀಬಹುದು ರೀ, ನೀರಿಗೆ ದಾರಿ ಬಿಡಿ."
ಬಿಟ್ಟೆವು: ನಲವತ್ತೆರಡು ಕೊಳವೆ, ಸಾಲಾಗಿ,
ಗುಡ್ಡದ ಬಾಯಿಗೆ ಇಟ್ಟ ಬೀಡಿಗಳು.

ಪುಷ್ಯ ಮಳೆ ಹಿಡಿದ ಮೂರನೆಯ ರಾತ್ರಿ
ಹದಿನೇಳನೆಯದು ಕೆಂಪು ಕಾರಿತು.
ತಿಳಿನೀರಾದರೆ ಗುಡ್ಡ ಬೆವರುತ್ತಿದೆ, ಅಷ್ಟೆ;
ಕೆಂಪಾದರೆ ಒಳಗೆ ಮಣ್ಣು ಮನೆ ಖಾಲಿ ಮಾಡುತ್ತಿದೆ.
ಫೋನಿನಲ್ಲಿ ಮೇಡಂ ಒಂದೇ ಮಾತು: "ಎಲ್ಲರನ್ನೂ ಎಬ್ಬಿಸಿ."
ತಗಡಿನ ಶೆಡ್ಡುಗಳಿಂದ ಮೂವತ್ತೊಂದು ಜನ, ಒಂದು ಕೂಸು,
ಕುಕ್ಕರು ಬಿಟ್ಟು ಬರಲೊಲ್ಲದ ಒಬ್ಬಳು
ಎದುರಿನ ಶಾಲೆಯ ಜಗಲಿಯಲ್ಲಿ ಕೂತು
ಕತ್ತಲಿಗೆ ಕಿವಿಗೊಟ್ಟೆವು.

ಬೆಳಗಾದಾಗ ಬಿದ್ದಿದ್ದದ್ದು ಅರ್ಧ ಲಾರಿ ಮಣ್ಣು,
ಅದರಡಿ ಶೆಡ್ಡಿನ ಒಂದು ಮೂಲೆ.
"ಇಷ್ಟಕ್ಕಾ ಎಬ್ಬಿಸಿದ್ದು?" ಕಂಟ್ರಾಕ್ಟರು ಕೇಳಿದರು.
ಆ ಮೂಲೆಯಲ್ಲಿ ಮಲಗುತ್ತಿದ್ದ ಹುಡುಗ
ಒಂಟಿ ಚಪ್ಪಲಿಯಲ್ಲಿ ನಿಂತು ಇನ್ನೊಂದನ್ನು ಹುಡುಕುತ್ತಿದ್ದ.

ಈಗ ಹದಿನೇಳು ತಿಳಿಯಾಗಿದೆ.
ಮೇಲಿನ ಮೆಟ್ಟಿಲುಗಳಲ್ಲಿ ಗುಲಾಬಿ ಮತ್ತವಳ ಜೊತೆಯವರು
ಗೇಣಿಗೊಂದರಂತೆ ಲಾವಂಚ ಊರುತ್ತಾರೆ.
ಬೇರು ಎಷ್ಟು ಆಳ ಹೋಗುತ್ತೆ? ಕೇಳಿದೆ.
"ಎರಡಾಳುದ್ದ ಅಂತಾರೆ. ನಾನೇನು ಇಣುಕಿ ನೋಡಿದೀನಾ?"
ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗಿ ನಕ್ಕಳು.

ಏಳು ಗಂಟೆ. ಟೇಪು.
ನಾನೂರಾ ಹದಿನೆಂಟು. ನಿನ್ನೆಯೂ ಅದೇ, ಮೊನ್ನೆಯೂ.
ಸಮಾಧಾನ ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ.
ಷರಾ ಎಂಬಲ್ಲಿ ಬರೆದೆ:
ಆಶ್ಲೇಷ ಇನ್ನೂ ಬರಬೇಕು.