ಗಡ್ಡ ಹಿಡಿಯುವ ಘಾಟಿ

ಎರ್ಜುರುಮ್‌ನಿಂದ ಅಂಕಾರಾಕ್ಕೆ ಹದಿಮೂರು ಗಂಟೆ.
ಮೊದಮೊದಲು ಊರುಗಳನ್ನು ಎಣಿಸುತ್ತಿದ್ದೆ,
ಆಮೇಲೆ ಪೆಟ್ರೋಲು ಬಂಕುಗಳನ್ನು,
ಅರವತ್ತು ದಾಟಿದ ಮೇಲೆ ಬರೀ ಕಕ್ಕಸುಗಳನ್ನು.
ಯಾವುದಕ್ಕೆ ಚಿಲಕವಿಲ್ಲ, ಯಾವುದರ ಮುದುಕ
ಚಿಲ್ಲರೆಗೆ ಜಗಳ ತೆಗೆಯುತ್ತಾನೆ,
ಎಲ್ಲ ಬಾಯಿಪಾಠ.

ಓಡಿಹೋಗಿ ನಿಂತರೆ ಬರುವುದಿಲ್ಲ.
ಹಲ್ಲು ಕಚ್ಚಿ, ಗೋಡೆಯ ಬಿರುಕು ನೋಡಿ,
ಕೊನೆಗೆ ನಾಲ್ಕು ಹನಿ,
ಜಿಪುಣ ಸಾಲ ತೀರಿಸಿದ ಹಾಗೆ.
ಹೊರಗೆ ನಲವತ್ತಾರು ಜನ, ಗುರುಗುಟ್ಟುವ ಇಂಜಿನ್ನು,
ಕ್ಲೀನರ್ ಹುಡುಗ ತುರ್ಹಾನ್ ಲೋಟ ಹಿಡಿದು ನಿಂತಿದ್ದಾನೆ.
ನನಗೆ! ಚಹಾ!

ಡಾಕ್ಟರ್ ನೆವಿನ್, ನನ್ನ ಮಗಳ ವಯಸ್ಸು.
"ಕ್ಯಾನ್ಸರಲ್ಲ" ಎಂದು ಮೊದಲೇ ಹೇಳಿಬಿಟ್ಟಳು,
ನಾನು ಕೇಳಿರಲಿಲ್ಲ, ಮುಖ ಕೇಳಿತ್ತೇನೋ.
"ಅಕ್ರೋಟಿನಷ್ಟು ಇರಬೇಕಾದ್ದು ಕಿತ್ತಳೆಯಾಗಿದೆ, ನೆಜಾತಿ ಬೇ.
ತೊಂಬತ್ತೈದು ಗ್ರಾಮು. ಮಾತ್ರೆಯ ಕಾಲ ಮುಗಿಯಿತು."

ಕಾಗದದ ಮೇಲೆ ಬರೆದು ತೋರಿಸಿದಳು:
ಮೇಲೆ ಚೀಲ, ಕೆಳಗೆ ಕೊಳವೆ, ನಡುವೆ ಉಬ್ಬಿದ ಗುಡ್ಡ.
ನನಗದು ಸಕಲ್‌ತುತಾನ್ ಘಾಟಿಯ ನಕ್ಷೆಯಂತೆ ಕಂಡಿತು.
ಗಡ್ಡ ಹಿಡಿಯುವುದು ಎಂದು ಆ ಹೆಸರಿನ ಅರ್ಥ;
ಅಲ್ಲಿಯ ಗಾಳಿಗೆ ಯಾರ ಗಡ್ಡದ ಮುಲಾಜೂ ಇಲ್ಲ.

ಹಬೆ ಹಾಯಿಸಿ ಕುಗ್ಗಿಸಬಹುದು, ಗುಡ್ಡ ಚಿಕ್ಕದಿದ್ದರೆ.
ಕ್ಲಿಪ್ಪು ಹಾಕಿ ಪರದೆಯಂತೆ ಬದಿಗೆ ಸರಿಸಬಹುದು,
"ನಿಮ್ಮದು ನಟ್ಟನಡುವೆ ಕೂತಿದೆ, ಸರಿಯುವುದಿಲ್ಲ."
ತಂತಿಯ ಕುಣಿಕೆಗೆ ಕರೆಂಟು ಕೊಟ್ಟು ಒಳಗಿಂದಲೇ
ಚೂರುಚೂರು ಕೆರೆಯುವುದು ಹಳೇ ವಿದ್ಯೆ.
ನನ್ನಪ್ಪನಿಗೆ ಹೊಟ್ಟೆಯನ್ನೇ ಕೊಯ್ದಿದ್ದರು.
"ನಿಮಗೆ ಲೇಸರ್. ಸಿಪ್ಪೆ ಅಲ್ಲೇ ಬಿಟ್ಟು
ತೊಳೆ ಬಿಡಿಸುವ ಹಾಗೆ."

ಎಷ್ಟು ದಿನ ರಜೆ? ಅಷ್ಟೇ ನನ್ನ ಪ್ರಶ್ನೆ.
ಸುಹೈಲಾ ಕೈಚೀಲದ ಕೊಂಡಿ ತೆಗೆದು, ಹಾಕಿ, ತೆಗೆದು,
"ಮತ್ತೆ... ಅದು?" ಎಂದಳು.
"ಸುಖಕ್ಕೇನೂ ಕೊರತೆಯಾಗದು. ವೀರ್ಯ ಮಾತ್ರ
ಹೊರಗೆ ಬಾರದೆ ಹಿಂದಕ್ಕೆ ಹೋಗುತ್ತದೆ, ಮೂತ್ರಕೋಶಕ್ಕೆ."
ನಾನು ಕಿಟಕಿಯಾಚೆ ಹಿಮ ನೋಡಿದೆ.
ಮೂವತ್ತೆಂಟು ವರ್ಷ ರಿವರ್ಸ್ ಗೇರು ಹಾಕಿದವನಿಗೆ
ನಗು ಬರಬೇಕಿತ್ತು.
ಮೆಟ್ಟಿಲಿಳಿಯುವಾಗ ಬಂತು, ಮೊದಲು ಅವಳಿಗೆ.

ಸೊಂಟದ ಕೆಳಗೆ ಮರಗಟ್ಟಿದ ಒಂದೂವರೆ ಗಂಟೆ.
ಆಮೇಲೆ ಚೀಲದಲ್ಲಿ ದಾಳಿಂಬೆ ರಸ,
ಮರುದಿನ ತೆಳು ಚಹಾ.
ನಳಿಗೆ ಎಳೆದು, ಅಳತೆಯ ಪಾತ್ರೆ ಕೊಟ್ಟು, ಬಾಗಿಲೆಳೆದುಕೊಂಡಳು ನರ್ಸು.
ಸದ್ದು!
ಮರೆತೇಹೋಗಿದ್ದ ನನ್ನದೇ ಸದ್ದು.
"ಸಾಕು, ಆಸ್ಪತ್ರೆ ಮುಳುಗೀತು" ಅಂದಳು ಸುಹೈಲಾ ಹೊರಗಿಂದ.
ಎರಡು ತಿಂಗಳು ಕೆಮ್ಮಿದರೆ ಸೋರುತ್ತಿತ್ತು,
ಪ್ಯಾಡು ಹಾಕಿಕೊಂಡು ಓಡಾಡಿದೆ.
ಡಿಪೋದಲ್ಲಿ ಇದನ್ನು ಹೇಳಿಲ್ಲ.

ಮೊನ್ನೆ ರಾತ್ರಿ, ಅದೇ ಘಾಟಿ.
ಏಳನೆಯ ಸಾಲಿನ ಮುದುಕ
ಸೀಟು ಹಿಡಿಹಿಡಿದು ಮುಂದೆ ಬಂದ.
ಜಲಬಾಧೆ ಎನ್ನಲೂ ನಾಚಿ
ಟೋಪಿ ತೆಗೆದು ಹಿಂಡುತ್ತ ನಿಂತ.
ಇಂಥವರಿಗೆ ಎಷ್ಟು ವರ್ಷ ಹೇಳಿದ್ದೇನೆ ನಾನು
"ಇನ್ನು ನಲವತ್ತೇ ನಿಮಿಷ ಅಜ್ಜಾ, ತಡೆದುಕೋ" ಎಂದು,
ಕನ್ನಡಿಯಲ್ಲೂ ನೋಡದೆ.
ಒಬ್ಬ ಸಿವಾಸ್‌ನಲ್ಲಿ ಇಳಿಯುವಾಗ
ಕೋಟನ್ನು ಮುಂದಕ್ಕೆ ಹಿಡಿದುಕೊಂಡಿದ್ದ.
ಸೀಟು ಒರೆಸುತ್ತ ತುರ್ಹಾನ್ ಬೈದ. ನಾನು ನಕ್ಕಿದ್ದೆ.

ಬಸ್ಸು ನಿಲ್ಲಿಸಿದೆ. ಹಿಂದೆ ಯಾರೋ ಗೊಣಗಿದರು.
ನಾನೂ ಇಳಿದೆ, ನನಗೆ ಬೇಕಿರಲಿಲ್ಲ;
ಗಾಳಿಗೆ ಬೆನ್ನು ಕೊಟ್ಟು ಅವನಿಗೆ ಮರೆಯಾದೆ.
ತುಂಬಾ ಹೊತ್ತು ಹಿಡಿಯಿತು.
"ನಿಧಾನ" ಅಂದೆ,
"ಅಂಕಾರಾ ಅಲ್ಲೇ ಇರುತ್ತದೆ."