ಅಡವಿನ ಪುಸ್ತಕ, ಪೋರ್ಟೊ

ಬಾಲ್ತಜಾರ್ ಕಿಂತೆಲಾ ನನ್ನಂಗಡಿಗೆ ಮೊದಲು ಬಂದದ್ದು
ಬೀದಿಯಲ್ಲೆಲ್ಲ ಮೀನು ಸುಡುವ ಜೂನ್ ತಿಂಗಳಲ್ಲಿ,
ಕೂಸಿನಂತೆ ತೋಳಲ್ಲೊಂದು ಹಿತ್ತಾಳೆ ಪ್ರಾಣಿ:
ಮೂರು ಗಂಟಲು, ಒಂದು ಬಾಯಿ,
ಹೊಟ್ಟೆಯಲ್ಲಿ ಅರ್ಧ ಸೇರು ನೀರು.
"ಏನಿದು?" ಅಂದೆ.
"ಇನ್ನೂ ಹೆಸರಿಟ್ಟಿಲ್ಲ" ಅಂದ.
ಪುಸ್ತಕದಲ್ಲಿ ಬರೆದುಕೊಂಡೆ: ಹಂಡೆ, ಒಂದು.
ಸಿಟ್ಟಾಗಲಿಲ್ಲ. ಅದೇ ಸೋಜಿಗ.

ಎರಡನೆಯ ಸಲ ಪೇಟೆಂಟಿನ ಶುಲ್ಕಕ್ಕೆ.
ಮೂರನೆಯದು ವಕೀಲನಿಗೆ: ಯಾರೋ ಫ್ರೆಂಚಿನವನು
ಗಂಟಲೊಂದನ್ನು ಕಿತ್ತು ತನ್ನ ಹೆಸರು ಹಚ್ಚಿದ್ದ.
ಆಮೇಲೆ ಎಣಿಕೆ ಬಿಟ್ಟೆ. ಹೆಂಡತಿ ಎರ್ಮೆಲಿಂದಾ
ಚಿನ್ನದೆಳೆಯ ಓಲೆ ಕಳಚಿಟ್ಟು ಕೊಂಬು ಬಿಡಿಸುವಳು,
ಹಬ್ಬ ಬಂತೆಂದರೆ ಕೊಂಬಿಟ್ಟು ಓಲೆ.
ಓಲೆ ಒಳಗೆ, ಕೊಂಬು ಹೊರಗೆ;
ಕೊಂಬು ಒಳಗೆ, ಓಲೆ ಹೊರಗೆ;
ನಡುವಿನ ಬಡ್ಡಿ ನನ್ನದು.

ನಾನೇನು ಛತ್ರ ಇಟ್ಟವನಲ್ಲ.

ಲಿಸ್ಬನ್ನಿನ ರಂಗಮಂದಿರದಲ್ಲಿ ಒಮ್ಮೆ ಊದಿದ.
ಮೇಲಂತಸ್ತಿನ ಹೆಂಗಸೊಬ್ಬಳು ಮೂರ್ಛೆ ಹೋದಳು.
ಮೇಳದ ಯಜಮಾನ, "ಎತ್ತು ಈದ ಹಾಗಿದೆ" ಅಂದ.
ಕರ್ನಲ್ ಒಬ್ಬ ದಂಡಿಗೆಂದು ನಲವತ್ತು ಹೇಳಿದ;
ನಲವತ್ತೂ ಸಿದ್ಧವಾದ ವಾರ ಸರ್ಕಾರವೇ ಬಿತ್ತು.
ಕುಲುಮೆಗೆ ಬೆಂಕಿ ಬಿತ್ತು, ಬೇಡದ ಬೆಂಕಿ.
ಬ್ರೆಜಿಲ್ಲಿಗೆ ಹೋದ, ಹಳದಿ ಜ್ವರ ಹೊತ್ತು ಬಂದ,
ಮುಂದಿನ ನಾಲ್ಕು ಹಲ್ಲು ಅಲ್ಲೇ ಬಿಟ್ಟು.
ಬಡಿದೂ ಬಡಿದೂ ಕಿವಿ ಮೊದಲೇ ಹೋಗಿತ್ತು.
ಹಲ್ಲಿಲ್ಲದವನಿಗೆ ದೇವರು ಅಕ್ರೋಟು ಕೊಡುತ್ತಾನೆ,
ನಮ್ಮೂರ ಮಾತು. ಇವನು ಅಕ್ರೋಟನ್ನೂ ತಾನೇ ಮಾಡಿಕೊಂಡವನು.

ಕೊನೆಯ ಸಲ ಬೆಲೆ ಕೇಳಲಿಲ್ಲ.
ಹೊಟ್ಟೆಯ ನೀರು ಚೆಲ್ಲಿ, ಒರೆಸಿ, ಮೇಜಿನ ಮೇಲಿಟ್ಟು
"ಸಿಲ್ವೇರಿಯೊ" ಅಂದ, ಕಿವುಡರು ಅನ್ನುವಷ್ಟು ಜೋರಾಗಿ.
ತಮ್ಮ. ದೋಣಿಯವನು.
ಕಾವಳದಲ್ಲಿ ಅಳಿವೆ ಕಾಣದೆ ಬಂಡೆಗೆ ಬಡಿದವನು,
ಮನೆಯ ದೀಪದಿಂದ ಕಲ್ಲೆಸೆತದ ದೂರದಲ್ಲಿ.
ದಡದಲ್ಲಿ ನಿಂತು ಇವನು ಕೂಗಿದ್ದನಂತೆ;
ಹತ್ತಿಯೊಳಗೆ ಸೂಜಿ ಹೋದಂತೆ ಹೋಯಿತಂತೆ ಕೂಗು.
"ಒದ್ದೆ ಗಾಳಿಗೆ ಒದ್ದೆ ಗಂಟಲೇ ಬೇಕು."
ಇಪ್ಪತ್ತೆರಡು ವರ್ಷ
ನಾನದನ್ನು ಸಂಗೀತ ಅಂದುಕೊಂಡಿದ್ದೆ.

ಶವಪೆಟ್ಟಿಗೆಗೆಂದು ಎರ್ಮೆಲಿಂದಾ ಓಲೆ ತಂದಿಟ್ಟಳು.
ಮೊದಲ ಸಲ ಎರಡೂ ಒಳಗೆ.

ಆ ಚಳಿಗಾಲ ಅಳಿವೆಯ ಹುಡುಗರು ಬಂದರು:
ಒಂದು ರಾತ್ರಿಗೆ ಬಾಡಿಗೆ ಎಷ್ಟು?
ಹೇಳಿದೆ. ಚೌಕಾಸಿ ಮಾಡಿದರು. ಇಳಿಸಲಿಲ್ಲ.
ಮೆಟ್ಟಿಲು ಮೆಟ್ಟಿಲಾಗಿ ಕಾವಳ ಊರನ್ನು ಹತ್ತುತ್ತಿತ್ತು.
ನಡುರಾತ್ರಿ ಕೇಳಿಸಿತು.
ಎತ್ತೇ. ಈಯುತ್ತಿರುವ ಎತ್ತೇ.
ಎದ್ದು ಕೂತೆ. ಗಾಜಿನ ಬೀರುವಿನಲ್ಲಿ
ಓಲೆಗಳು ತಾವಾಗಿ ಅಲುಗುತ್ತಿದ್ದವು.

ಬೆಳಿಗ್ಗೆ ತಂದುಕೊಟ್ಟರು.
ಎಷ್ಟು ದೋಣಿ ಬಂದವೆಂದು ನಾನು ಕೇಳಲಿಲ್ಲ,
ಅವರು ಹೇಳಲಿಲ್ಲ.
ಪುಸ್ತಕ ತೆರೆದು 'ಹಂಡೆ' ಎಂಬುದನ್ನು ಹೊಡೆದು ಹಾಕಿದೆ.
ಮೇಲೆ ಏನು ಬರೆಯುವುದೋ ತಿಳಿಯಲಿಲ್ಲ.
ಪಕ್ಕದ ಮನೆಯಲ್ಲಿ, ಸ್ಥಿತಿ ಎಂಬಲ್ಲಿ, ಬರೆದೆ:
ಒಳಗೆ ನೀರಿದೆ. ಉಪ್ಪು.